ಹುಬ್ಬಳ್ಳಿ ವಿಮಾನದ ದರ ಮತ್ತು ಕಂಪನಿಗಳ ವಿಲೀನ: ರಾಣೇಬೆನ್ನೂರಿನ ಓದುಗರಿಗೆ ಉತ್ತರ

ಪ್ರಶ್ನೆ: ಸರ್, ನಮಸ್ಕಾರ. ನಂದು ರಾಣೇಬೆನ್ನೂರು, ಬಿತ್ತನೆ ಬೀಜದ ವ್ಯಾಪಾರ. ಹೈದರಾಬಾದ್, ಮುಂಬೈ ಅಂತ ಹುಬ್ಬಳ್ಳಿಯಿಂದ ವಿಮಾನದಾಗ ಓಡಾಡತಿರತೀನಿ. ಮುಂಗಾರಿಗೆ ಮುಂಚೆ ಅರ್ಜೆಂಟ್ ಹೋಗಬೇಕಂದ್ರ ರೇಟ್ ಕೇಳಿ ಎದಿ ಧಸಕ್ ಅಂತದ. ಕಿಂಗ್‌ಫಿಶರ್ ಹೋತು, ಜೆಟ್ ಹೋತು, ಗೋ ಫಸ್ಟ್ ಹೋತು, ವಿಸ್ತಾರ ಏರ್ ಇಂಡಿಯಾದಾಗ ಸೇರಿಕೊಂಡ್ತು. ಹಿಂಗ ಒಂದರಾಗೊಂದು ಸೇರಿಕೋತ ಹೋಗೋದ್ರಿಂದನ ರೇಟ್ ಏರ್ಯಾವೇನು? ಸರ್ಕಾರ ಇದಕ್ಕ ಹೆಂಗ ಒಪ್ಪಿಗಿ ಕೊಡತದ? ಇಷ್ಟರ ಮ್ಯಾಲೆ ತಗೋಬ್ಯಾಡ್ರಿ ಅಂತ ಒಂದು ದರ ಫಿಕ್ಸ್ ಮಾಡಿಬಿಟ್ರ ಆಗಂಗಿಲ್ಲೇನು? ನಮ್ಮ ಕಡಿಯವರು ಏನು ಮಾಡಬೇಕು?

ಉತ್ತರ: ಮೊದಲ ಪ್ರಶ್ನೆಗೆ ನೇರವಾಗಿ ಹೇಳುತ್ತೇನೆ. ನಿಮ್ಮ ಹೈದರಾಬಾದ್ ಟಿಕೆಟ್ ದುಬಾರಿಯಾಗಲು ವಿಸ್ತಾರ ಮತ್ತು ಏರ್ ಇಂಡಿಯಾ ಒಂದಾದದ್ದು ಕಾರಣವಲ್ಲ. ಆ ವಿಲೀನದ ಬಿಸಿ ತಟ್ಟಿದ್ದು ದೆಹಲಿ–ಮುಂಬೈನಂಥ ದೊಡ್ಡ ಮಾರ್ಗಗಳಿಗೆ. ನಮ್ಮ ಭಾಗದ ಕಥೆ ಬೇರೆ. ಇಲ್ಲಿ ಒಂದೊಂದು ಮಾರ್ಗದಲ್ಲಿ ಎರಡನೆಯ ಕಂಪನಿ ಬಂದು ಗಟ್ಟಿಯಾಗಿ ನಿಲ್ಲುತ್ತಿಲ್ಲ. ಬಂದವರು ಮುಳುಗಿದ್ದಾರೆ, ಇಲ್ಲವೇ ವಿಮಾನವನ್ನು ಬೇರೆ ಊರಿಗೆ ಒಯ್ದಿದ್ದಾರೆ. ವಿಲೀನಕ್ಕೂ ಇದರಲ್ಲಿ ಪಾತ್ರವಿದೆ, ಆದರೆ ಆ ವಿಲೀನ ನಡೆದದ್ದು ಹದಿನೈದು ವರ್ಷಕ್ಕೂ ಹಿಂದೆ.

ವಿಮಾನಯಾನದಲ್ಲಿ ಸ್ಪರ್ಧೆಯನ್ನು ದೇಶದ ಮಟ್ಟದಲ್ಲಿ ಅಳೆದರೆ ಪ್ರಯಾಣಿಕನಿಗೆ ಏನೂ ತಿಳಿಯುವುದಿಲ್ಲ. ಹುಬ್ಬಳ್ಳಿಯಿಂದ ಹೈದರಾಬಾದಿಗೆ ಹೋಗಬೇಕಾದವನಿಗೆ ಕೋಲ್ಕತ್ತಾ–ಗುವಾಹಟಿ ನಡುವೆ ಐದು ಕಂಪನಿ ಹಾರಿದರೆ ಏನು ಬಂತು? ಅವನ ಮಾರುಕಟ್ಟೆ ಎಂದರೆ ಆ ಎರಡು ಊರುಗಳ ನಡುವಿನ ಮಾರ್ಗ, ಅದೂ ಅವನಿಗೆ ಬೇಕಾದ ದಿನ, ಬೇಕಾದ ಹೊತ್ತು. ಬ್ಯಾಡಗಿ ಮಾರುಕಟ್ಟೆಯಲ್ಲಿ ಟೆಂಡರ್ ದಿನ ನಿಮ್ಮ ಲಾಟಿಗೆ ಎಷ್ಟು ಖರೀದಿದಾರರು ದರ ಬರೆದರು ಎಂಬುದಷ್ಟೇ ಮುಖ್ಯವಲ್ಲವೇ? ಪ್ರಾಂಗಣದಲ್ಲಿ ಎಷ್ಟು ಅಂಗಡಿಗಳ ಬೋರ್ಡ್ ಇದೆ ಎಂಬುದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಇಲ್ಲಿಯೂ ಹಾಗೆಯೇ.

ಅರ್ಥಶಾಸ್ತ್ರದಲ್ಲಿ ಇದನ್ನು ಅಳೆಯಲು ಹರ್ಫಿಂಡಾಲ್ ಸೂಚ್ಯಂಕ ಎಂಬ ಸರಳ ಲೆಕ್ಕವಿದೆ. ಪ್ರತಿ ಕಂಪನಿಯ ಶೇಕಡಾವಾರು ಪಾಲನ್ನು ಅದರಿಂದಲೇ ಗುಣಿಸಿ, ಎಲ್ಲವನ್ನೂ ಕೂಡಿಸುವುದು. ದೇಶದೊಳಗಿನ ಹಾರಾಟದಲ್ಲಿ ಇಂಡಿಗೋ ಪಾಲು ಸುಮಾರು 65, ಏರ್ ಇಂಡಿಯಾ ಸಮೂಹದ್ದು ಸುಮಾರು 27 ಎಂದು ಹಿಡಿಯಿರಿ. 65ರ ವರ್ಗ 4,225, 27ರ ವರ್ಗ 729. ಇವೆರಡೇ ಸೇರಿ 4,954. ಅಮೆರಿಕದ ವಿಲೀನ ಮಾರ್ಗಸೂಚಿ 1,800 ದಾಟಿದ ಮಾರುಕಟ್ಟೆಯನ್ನೇ ಅತಿ ಕೇಂದ್ರೀಕೃತ ಎನ್ನುತ್ತದೆ. ಇನ್ನು ಒಂದೇ ಕಂಪನಿ ಹಾರುವ ಮಾರ್ಗದ ಸೂಚ್ಯಂಕ 10,000. ಅದೇ ಅಳತೆಯ ಎರಡನೇ ಕಂಪನಿ ಬಂದರೆ ಅದು ಒಮ್ಮೆಲೇ 5,000ಕ್ಕೆ ಇಳಿಯುತ್ತದೆ. ಮೂರನೆಯದು ಬಂದರೆ 3,333. ಒಂದರಿಂದ ಎರಡಕ್ಕೆ ಹೋಗುವಾಗ ಆಗುವ ಇಳಿಕೆಯೇ ಎಲ್ಲಕ್ಕಿಂತ ದೊಡ್ಡದು ಎಂಬುದನ್ನು ಗಮನಿಸಿ. ಹುಬ್ಬಳ್ಳಿಯಂಥ ಊರಿಗೆ ಐದು ಕಂಪನಿ ಬೇಕಿಲ್ಲ, ಪ್ರತಿ ಮುಖ್ಯ ಮಾರ್ಗಕ್ಕೆ ಎರಡನೆಯದೊಂದು ಬೇಕು. ನಾನು ಮುಂದೆ ಹೇಳುವುದೆಲ್ಲ ಇದರ ಸುತ್ತಲೇ ಇದೆ.

ದರ ಹೇಗೆ ಏರುತ್ತದೆ ಎಂಬುದನ್ನು ಹತ್ತಿರದಿಂದ ನೋಡೋಣ. ಸಣ್ಣ ಊರುಗಳಿಗೆ ಇಂಡಿಗೋ ಹಾರಿಸುವ ಎಟಿಆರ್ ಎಂಬ ಸಣ್ಣ ವಿಮಾನದಲ್ಲಿ 78 ಸೀಟು. ಈ 78 ಸೀಟುಗಳಿಗೆ ಒಂದೇ ದರ ಇರುವುದಿಲ್ಲ. ಕಂಪನಿಯ ದರ ವಿಭಾಗ ಅವನ್ನು ಮೆಟ್ಟಿಲು ಮೆಟ್ಟಿಲಾಗಿ ಹಂಚಿಟ್ಟಿರುತ್ತದೆ. ಲೆಕ್ಕ ತಿಳಿಯಲೆಂದು ನಾನೇ ಅಂಕಿ ಕಟ್ಟುತ್ತೇನೆ: ಮೊದಲ 12 ಸೀಟು ₹2,800ಕ್ಕೆ, ನಂತರದ 20 ಸೀಟು ₹3,600ಕ್ಕೆ, ಮತ್ತೆ 22 ಸೀಟು ₹4,800ಕ್ಕೆ, 14 ಸೀಟು ₹6,500ಕ್ಕೆ, ಕೊನೆಯ 10 ಸೀಟು ₹9,000ಕ್ಕೆ. ಕೆಳಗಿನ ಮೆಟ್ಟಿಲು ಖಾಲಿಯಾದ ಮೇಲೆ ಮೇಲಿನದು ತೆರೆಯುತ್ತದೆ. ಅಷ್ಟೇ ಅಲ್ಲ, ಸೀಟು ಉಳಿದಿದ್ದರೂ ಹಾರಾಟದ ದಿನ ಹತ್ತಿರ ಬಂದಂತೆ ಕೆಳಗಿನ ಮೆಟ್ಟಿಲುಗಳನ್ನು ಮುಚ್ಚಿಬಿಡುತ್ತಾರೆ. ಕಡೇ ಗಳಿಗೆಯಲ್ಲಿ ಬರುವವನು ವ್ಯಾಪಾರಿ, ರೋಗಿಯ ಸಂಬಂಧಿಕ, ಇಂಟರ್‌ವ್ಯೂಗೆ ಹೊರಟ ಹುಡುಗ. ಅವರು ಎಷ್ಟಾದರೂ ಕೊಟ್ಟು ಹೋಗಲೇಬೇಕು ಎಂಬುದು ಕಂಪನಿಗೆ ಗೊತ್ತು.

ಸ್ಪರ್ಧೆ ಕೆಲಸ ಮಾಡುವುದು ಇಲ್ಲಿಯೇ. ಅದೇ ಹೊತ್ತಿಗೆ ಇನ್ನೊಂದು ಕಂಪನಿಯ ವಿಮಾನವೂ ಇದ್ದರೆ, ಮೊದಲನೆಯದು ₹3,600ರ ಮೆಟ್ಟಿಲನ್ನು ನಾಲ್ಕು ದಿನ ಮೊದಲೇ ಮುಚ್ಚುವ ಧೈರ್ಯ ಮಾಡುವುದಿಲ್ಲ. ಮುಚ್ಚಿದರೆ ಗಿರಾಕಿ ಪಕ್ಕಕ್ಕೆ ಹೋಗುತ್ತಾನೆ. ಹಾರಿದ ವಿಮಾನದ ಖಾಲಿ ಸೀಟು ಮರುದಿನಕ್ಕೆ ಉಳಿಯುವ ಸರಕಲ್ಲ, ಆ ಭಯ ಇಬ್ಬರಿಗೂ ಇರುತ್ತದೆ. ಒಬ್ಬನೇ ಇದ್ದಾಗ ಆ ಭಯ ಇಲ್ಲ. ಆದ್ದರಿಂದಲೇ ವಿಲೀನದ ಅಥವಾ ಎದುರಾಳಿಯ ನಿರ್ಗಮನದ ಪರಿಣಾಮ ಜಾಹೀರಾತಿನಲ್ಲಿ ಕಾಣುವ ಅತಿ ಕಡಿಮೆ ದರದಲ್ಲಿ ಗೋಚರಿಸುವುದಿಲ್ಲ. ₹2,800ರ ಟಿಕೆಟ್ ಆಗಲೂ ಇರುತ್ತದೆ, ಈಗಲೂ ಇರುತ್ತದೆ. ಅದು ಎಷ್ಟು ಸೀಟಿಗೆ, ಎಷ್ಟು ದಿನದವರೆಗೆ ಸಿಗುತ್ತದೆ ಎಂಬುದು ಬದಲಾಗಿರುತ್ತದೆ. ನಿಮ್ಮ ಎದೆ ಧಸಕ್ಕೆನ್ನುವುದು ಆ ಬದಲಾವಣೆಗೆ.

ಈಗ ಹಳೆಯ ವಿಲೀನಗಳ ವಿಷಯ. 1953ರಲ್ಲಿ ಸರ್ಕಾರವೇ ಕಾಯ್ದೆ ಮಾಡಿ ಎಂಟು ಕಂಪನಿಗಳನ್ನು ಒಟ್ಟುಗೂಡಿಸಿ ಇಂಡಿಯನ್ ಏರ್‌ಲೈನ್ಸ್ ಕಟ್ಟಿತು. ನಾಲ್ಕು ದಶಕ ದೇಶದೊಳಗೆ ಹೆಚ್ಚುಕಮ್ಮಿ ಅದೊಂದೇ. 1994ರಲ್ಲಿ ಆ ಕಾಯ್ದೆ ರದ್ದಾಗಿ ಖಾಸಗಿಯವರಿಗೆ ಬಾಗಿಲು ತೆರೆಯಿತು, ದರವೂ ಮುಕ್ತವಾಯಿತು. ಆದರೂ ಸಾಮಾನ್ಯ ಜನ ವಿಮಾನ ಹತ್ತಲು ಇನ್ನೂ ಒಂಬತ್ತು ವರ್ಷ ಬೇಕಾಯಿತು. 2003ರಲ್ಲಿ ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಏರ್ ಡೆಕ್ಕನ್ ಶುರುಮಾಡಿದರು. ಅದರ ಮೊದಮೊದಲ ಮಾರ್ಗಗಳಲ್ಲಿ ಬೆಂಗಳೂರು–ಹುಬ್ಬಳ್ಳಿಯೂ ಒಂದು. ಊಟ ಇಲ್ಲ, ಮೆರುಗು ಇಲ್ಲ, ಸಣ್ಣ ಎಟಿಆರ್ ವಿಮಾನ, ಕಡಿಮೆ ದರ. ಒಂದು ರೂಪಾಯಿ ಟಿಕೆಟ್ ಮಾರಿ ದೊಡ್ಡ ಕಂಪನಿಗಳನ್ನೂ ದರ ಇಳಿಸುವಂತೆ ಮಾಡಿತು. ಈ ನಾಡಿನ ಸಣ್ಣ ಊರುಗಳಿಗೆ ವಿಮಾನ ತಂದ ಆ ಸಾಹಸದ ಬಗ್ಗೆ ನನಗೆ ಇವತ್ತಿಗೂ ಗೌರವವಿದೆ.

2007–08ರಲ್ಲಿ ಒಂದರ ಹಿಂದೊಂದು ಮೂರು ಜೋಡಣೆ ನಡೆದವು. ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್ ಒಂದಾದವು. ಜೆಟ್, ಏರ್ ಸಹಾರಾವನ್ನು ₹1,450 ಕೋಟಿಗೆ ಕೊಂಡಿತು. ವಿಜಯ್ ಮಲ್ಯರ ಕಿಂಗ್‌ಫಿಶರ್, ಏರ್ ಡೆಕ್ಕನ್‌ನ 26% ಪಾಲು ಕೊಂಡು ಮರುವರ್ಷ ಅದನ್ನು ಪೂರ್ತಿ ಒಳಗೆ ಹಾಕಿಕೊಂಡಿತು. ಡೆಕ್ಕನ್ ಹೆಸರು ಹೋಗಿ ಕಿಂಗ್‌ಫಿಶರ್ ರೆಡ್ ಆಯಿತು. 2011ರಲ್ಲಿ ರೆಡ್ ಸೇವೆಯನ್ನೇ ಕೈಬಿಡುವುದಾಗಿ ಮಲ್ಯ ಘೋಷಿಸಿದರು. 2012ರ ಅಕ್ಟೋಬರ್‌ನಲ್ಲಿ ಕಿಂಗ್‌ಫಿಶರ್‌ನ ಹಾರಾಟವೇ ನಿಂತಿತು.

ನಮ್ಮ ಭಾಗಕ್ಕೆ ನಿಜವಾಗಿ ನೋವಾದ ವಿಲೀನ ಇದು. ಎರಡು ಸಮಾನ ಕಂಪನಿಗಳು ಸೇರುವುದಕ್ಕೂ, ದುಬಾರಿ ಕಂಪನಿಯೊಂದು ಅಗ್ಗದ ಕಂಪನಿಯನ್ನು ನುಂಗುವುದಕ್ಕೂ ಬಹಳ ಅಂತರವಿದೆ. ಮಾರುಕಟ್ಟೆಯಲ್ಲಿ ದರ ಇಳಿಸಿ ಉಳಿದವರ ನಿದ್ದೆ ಕೆಡಿಸುವ ಒಬ್ಬ ಇರುತ್ತಾನೆ. ಅವನ ಪಾಲು ಚಿಕ್ಕದಿದ್ದರೂ ಎಲ್ಲರ ದರವನ್ನೂ ಅವನೇ ಹಿಡಿದಿಟ್ಟಿರುತ್ತಾನೆ. ಅವನು ಹೋದರೆ ಆಗುವ ನಷ್ಟ ಪಾಲಿನ ಲೆಕ್ಕದಲ್ಲಿ ಕಾಣುವುದಿಲ್ಲ. ಏರ್ ಡೆಕ್ಕನ್ ಕೂಡ ನಷ್ಟದಲ್ಲಿತ್ತು, ಯಾರಾದರೂ ಹಣ ಹಾಕದೆ ಅದು ಉಳಿಯುವುದು ಕಷ್ಟವಿತ್ತು ಎಂಬುದನ್ನೂ ಹೇಳಬೇಕು. ಆದರೆ ಹಣ ಹಾಕಿದವನು ನೇರ ಎದುರಾಳಿಯೇ ಆಗಿದ್ದದ್ದು ನಮ್ಮ ದುರ್ದೈವ.

ಸರ್ಕಾರ ಹೇಗೆ ಒಪ್ಪಿತು ಎಂದು ಕೇಳಿದ್ದೀರಿ. ಈ ಮೂರು ವಿಲೀನಗಳ ಕಾಲಕ್ಕೆ, ಸ್ಪರ್ಧೆಯ ದೃಷ್ಟಿಯಿಂದ ಮುಂಚಿತವಾಗಿ ತಡೆಹಿಡಿದು ಪರಿಶೀಲಿಸುವ ಅಧಿಕಾರ ಯಾರಿಗೂ ಜಾರಿಯಲ್ಲಿ ಇರಲಿಲ್ಲ. ಸ್ಪರ್ಧಾ ಕಾಯ್ದೆ ಬಂದದ್ದು 2002ರಲ್ಲಿ. ಆದರೆ ದೊಡ್ಡ ವಿಲೀನಗಳಿಗೆ ಭಾರತೀಯ ಸ್ಪರ್ಧಾ ಆಯೋಗದ ಒಪ್ಪಿಗೆ ಕಡ್ಡಾಯ ಮಾಡುವ ಭಾಗ ಜಾರಿಗೆ ಬಂದದ್ದು 2011ರ ಜೂನ್ 1ಕ್ಕೆ. ಡೆಕ್ಕನ್ ಆಗಲೇ ಕಣ್ಮರೆಯಾಗಿತ್ತು. ಈಚಿನ ವಿಸ್ತಾರ ವಿಲೀನ ಆಯೋಗದ ಮುಂದೆ ಬಂತು. ಕಂಪನಿಗಳು ಕೊಟ್ಟ ವಾಗ್ದಾನಗಳ ಮೇಲೆ ಆಯೋಗ 2023ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ನೀಡಿತು, 2024ರ ನವೆಂಬರ್ 12ರಿಂದ ವಿಸ್ತಾರ ಏರ್ ಇಂಡಿಯಾ ಹೆಸರಿನಲ್ಲೇ ಹಾರುತ್ತಿದೆ. ಅದಕ್ಕೂ ಮೊದಲು ಅಕ್ಟೋಬರ್‌ನಲ್ಲಿ ಹಿಂದಿನ ಏರ್‌ಏಷ್ಯಾ ಇಂಡಿಯಾ, ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನಲ್ಲಿ ಸೇರಿತ್ತು. ಈ ಒಪ್ಪಿಗೆಯನ್ನು ನಾನು ತಪ್ಪೆನ್ನುವುದಿಲ್ಲ. ಟಾಟಾ ಸಮೂಹದ್ದೇ ಆಗಿದ್ದ ನಾಲ್ಕು ಬೇರೆಬೇರೆ ಕಂಪನಿಗಳು ಚೂರುಚೂರಾಗಿ ನಷ್ಟ ಮಾಡಿಕೊಳ್ಳುತ್ತ ಇದ್ದರೆ ಇಂಡಿಗೋಗೆ ಎದುರು ನಿಲ್ಲುವ ಶಕ್ತಿ ಯಾವುದಕ್ಕೂ ಬರುತ್ತಿರಲಿಲ್ಲ.

ಇನ್ನೊಂದು ಮಾತು ನಿಮಗೆ ಆಶ್ಚರ್ಯ ಎನಿಸಬಹುದು. ಇವತ್ತು ದೇಶದ ಮೂರರಲ್ಲಿ ಎರಡರ ಹತ್ತಿರದ ಪಾಲು ಹಿಡಿದಿರುವ ಇಂಡಿಗೋ ಯಾವ ಕಂಪನಿಯನ್ನೂ ಕೊಂಡು ಬೆಳೆದದ್ದಲ್ಲ. 2006ರಲ್ಲಿ ಶುರುವಾಗಿ, ಬಹುಕಾಲ ಒಂದೇ ಬಗೆಯ ವಿಮಾನ ಇಟ್ಟುಕೊಂಡು, ಸಮಯಕ್ಕೆ ಹಾರಿ, ಖರ್ಚು ಹಿಡಿದು ಬೆಳೆಯಿತು. ಕಿಂಗ್‌ಫಿಶರ್ 2012ರಲ್ಲಿ, ಜೆಟ್ 2019ರ ಏಪ್ರಿಲ್‌ನಲ್ಲಿ, ಗೋ ಫಸ್ಟ್ 2023ರ ಮೇನಲ್ಲಿ ನಿಂತಾಗ ಅವರ ಪ್ರಯಾಣಿಕರು, ನಿಲ್ದಾಣಗಳಲ್ಲಿ ಇಳಿಯಲು, ಹೊರಡಲು ಅವರಿಗಿದ್ದ ಹೊತ್ತುಗಳು ಹೆಚ್ಚಾಗಿ ಉಳಿದ ಗಟ್ಟಿ ಕಂಪನಿಯ ಪಾಲಾದವು. ಹಾಗಾಗಿ ಭಾರತದಲ್ಲಿ ಮಾರುಕಟ್ಟೆ ಒಂದೆಡೆ ಸೇರಿದ್ದು ವಿಲೀನಕ್ಕಿಂತ ಹೆಚ್ಚಾಗಿ ಎದುರಾಳಿಗಳ ಪತನದಿಂದ. ಕಾನೂನಿನಲ್ಲಿ ದೊಡ್ಡದಾಗಿ ಬೆಳೆಯುವುದು ಅಪರಾಧವಲ್ಲ. ಸ್ಪರ್ಧಾ ಕಾಯ್ದೆಯ 4ನೇ ಕಲಮು ಪ್ರಾಬಲ್ಯದ ದುರುಪಯೋಗವನ್ನು ಮಾತ್ರ ಹಿಡಿಯುತ್ತದೆ. ವಿಲೀನಕ್ಕೆ ಆಯೋಗದ ಬಾಗಿಲಿದೆ, ಪತನಕ್ಕೆ ಯಾವ ಬಾಗಿಲೂ ಇಲ್ಲ. ಹೀಗಾಗಿ ವಿಲೀನ ತಡೆಯುವುದರಲ್ಲೇ ಪರಿಹಾರ ಹುಡುಕಿದರೆ ಅರ್ಧ ರೋಗ ಕೈಗೆ ಸಿಗುವುದಿಲ್ಲ.

ಇದೇ ಸಂಕಟ ಅಮೆರಿಕದಲ್ಲೂ ಕಾಣುತ್ತದೆ. 2008ರಲ್ಲಿ ಡೆಲ್ಟಾ–ನಾರ್ತ್‌ವೆಸ್ಟ್, 2010ರಲ್ಲಿ ಯುನೈಟೆಡ್–ಕಾಂಟಿನೆಂಟಲ್, 2011ರಲ್ಲಿ ಸೌತ್‌ವೆಸ್ಟ್–ಏರ್‌ಟ್ರಾನ್, 2013ರಲ್ಲಿ ಅಮೆರಿಕನ್–ಯುಎಸ್ ಏರ್‌ವೇಸ್. ಐದು ವರ್ಷದಲ್ಲಿ ನಾಲ್ಕು ದೊಡ್ಡವರು ಉಳಿದರು, ಆ ದೇಶದ ಒಳ ಹಾರಾಟದ ಸುಮಾರು 80% ಅವರದೇ ಆಯಿತು. 2024ರ ಜನವರಿಯಲ್ಲಿ ಜೆಟ್‌ಬ್ಲೂ, ಅಗ್ಗದ ದರದ ಸ್ಪಿರಿಟ್ ಕಂಪನಿಯನ್ನು ಕೊಳ್ಳಲು ಹೊರಟಾಗ ಅಲ್ಲಿನ ನ್ಯಾಯಾಲಯ ತಡೆಯಿತು. ಸ್ಪಿರಿಟ್ ದರವನ್ನೇ ನಂಬಿದ ಬಡ ಪ್ರಯಾಣಿಕರಿಗೆ ಹಾನಿಯಾಗುತ್ತದೆ ಎಂಬುದು ತೀರ್ಪಿನ ತಿರುಳು. ನಮ್ಮ ಡೆಕ್ಕನ್ ವಿಷಯದಲ್ಲಿ ಯಾರೂ ಕೇಳದೆ ಹೋದ ಪ್ರಶ್ನೆಯನ್ನೇ ಅಲ್ಲಿ ಕೇಳಿದರು. ಆದರೆ ಅದೇ ವರ್ಷ ನವೆಂಬರ್‌ನಲ್ಲಿ ಸ್ಪಿರಿಟ್ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು. ತೀರ್ಪು ಸರಿಯಿತ್ತು ಎಂದೇ ನನ್ನ ಅಭಿಪ್ರಾಯ. ಆದರೂ ಬಡಕಲು ಕಂಪನಿಯನ್ನು ನುಂಗದಂತೆ ತಡೆದ ಮಾತ್ರಕ್ಕೆ ಅದು ಬದುಕುತ್ತದೆ ಎಂಬ ಭರವಸೆ ಇಲ್ಲ.

ಕಡಿಮೆ ಕಂಪನಿಗಳಿದ್ದಾಗ ಇನ್ನೊಂದು ಅಪಾಯವಿದೆ. ಪರಸ್ಪರ ಎದುರಾಗುವವರು ಮೂರ್ನಾಲ್ಕೇ ಮಂದಿಯಾದರೆ, ಮಾತಾಡಿಕೊಳ್ಳದೆಯೂ ಒಬ್ಬರನ್ನೊಬ್ಬರು ನೋಡಿ ದರ ಹೊಂದಿಸಿಕೊಳ್ಳುವುದು ಸುಲಭ. ಒಂದು ಮಾರ್ಗದಲ್ಲಿ ನೀನು ದರ ಇಳಿಸಿದರೆ ಇನ್ನೊಂದು ಮಾರ್ಗದಲ್ಲಿ ನಾನು ಇಳಿಸುತ್ತೇನೆ ಎಂಬ ಅಂಜಿಕೆಯೇ ಇಬ್ಬರನ್ನೂ ಸುಮ್ಮನಿರಿಸುತ್ತದೆ. ಸರಕು ಸಾಗಣೆಯ ಮೇಲೆ ಹಾಕುತ್ತಿದ್ದ ಇಂಧನ ಹೆಚ್ಚುವರಿ ಶುಲ್ಕವನ್ನು ಒಟ್ಟಾಗಿ ನಿಗದಿ ಮಾಡಿದರು ಎಂದು ಸ್ಪರ್ಧಾ ಆಯೋಗ 2015ರಲ್ಲಿ ಜೆಟ್, ಇಂಡಿಗೋ, ಸ್ಪೈಸ್‌ಜೆಟ್ ಮೂರಕ್ಕೂ ಸೇರಿ ₹257 ಕೋಟಿಗೂ ಹೆಚ್ಚು ದಂಡ ಹಾಕಿತು. ಮೇಲ್ಮನವಿ ನ್ಯಾಯಮಂಡಳಿ ಆ ಆದೇಶ ತಳ್ಳಿಹಾಕಿ ಮತ್ತೆ ವಿಚಾರಿಸಿ ಎಂದಿತು. 2018ರಲ್ಲಿ ಆಯೋಗ ಮತ್ತೆ ದಂಡ ಹಾಕಿದಾಗ ಮೊತ್ತ ಒಟ್ಟು ₹54 ಕೋಟಿ ಆಸುಪಾಸಿಗೆ ಇಳಿದಿತ್ತು. ಪ್ರಯಾಣಿಕರ ಟಿಕೆಟ್ ವಿಷಯದಲ್ಲಿ ಒಳಒಪ್ಪಂದ ಸಾಬೀತು ಮಾಡುವುದು ಇನ್ನೂ ಕಷ್ಟ. ದರ ಒಂದೇ ಸಮನೆ ಏರಿದ ಮಾತ್ರಕ್ಕೆ ಅದು ಸಾಕ್ಷಿಯಾಗುವುದಿಲ್ಲ.

2025ರ ಡಿಸೆಂಬರ್‌ನಲ್ಲಿ ಆದದ್ದು ದರಕ್ಕಿಂತ ದೊಡ್ಡ ಪಾಠ. ಪೈಲಟ್‌ಗಳ ಆಯಾಸ ತಗ್ಗಿಸಲು ವಿಮಾನಯಾನದ ಸರ್ಕಾರಿ ನಿಯಂತ್ರಕ ಡಿಜಿಸಿಎ ಹೊಸ ನಿಯಮ ತಂದಿತ್ತು: ವಾರದ ವಿಶ್ರಾಂತಿ 36 ತಾಸಿನಿಂದ 48ಕ್ಕೆ, ರಾತ್ರಿ ಲ್ಯಾಂಡಿಂಗ್ ಆರರಿಂದ ಎರಡಕ್ಕೆ. ಎರಡನೇ ಹಂತ ನವೆಂಬರ್ 1ಕ್ಕೆ ಜಾರಿಯಾಯಿತು. ಇಂಡಿಗೋದ ಬಳಿ ಅದಕ್ಕೆ ತಕ್ಕ ಸಿಬ್ಬಂದಿ ಏರ್ಪಾಡು ಇರಲಿಲ್ಲ. ಡಿಸೆಂಬರ್ ಮೊದಲ ವಾರ ಒಂದೇ ದಿನ ಸಾವಿರಕ್ಕೂ ಹೆಚ್ಚು ಹಾರಾಟ ರದ್ದಾದವು. ಹುಬ್ಬಳ್ಳಿಯಲ್ಲಿ ಏರ್ಪಾಡಾಗಿದ್ದ ಆರತಕ್ಷತೆಯೊಂದಕ್ಕೆ ನವದಂಪತಿಯೇ ಬರಲಾಗದೆ, ಬಂದ ಬಳಗ ಪರದೆಯ ಮೇಲೆ ಅವರನ್ನು ಹರಸಿದ್ದು ದೇಶದಾದ್ಯಂತ ಸುದ್ದಿಯಾಯಿತು. ಕೊನೆಗೆ ಸರ್ಕಾರವೇ ಸುರಕ್ಷತೆಯ ಆ ನಿಯಮಗಳಲ್ಲಿ ಇಂಡಿಗೋಗೆ ತಾತ್ಕಾಲಿಕ ವಿನಾಯಿತಿ ಕೊಡಬೇಕಾಯಿತು. ಮೂರರಲ್ಲಿ ಎರಡು ಪಾಲು ಪ್ರಯಾಣಿಕರನ್ನು ಒಂದೇ ಕಂಪನಿ ಒಯ್ಯುವಾಗ, ಅದು ತಪ್ಪು ಮಾಡಿದರೂ ನಿಯಂತ್ರಕನಿಗೆ ಕೈಕಟ್ಟಿದಂತಾಗುತ್ತದೆ. ನಿಲ್ಲಿಸಿದರೆ ದೇಶವೇ ನಿಲ್ಲುತ್ತದೆ. ಮಾರುಕಟ್ಟೆ ಒಂದೆಡೆ ಸೇರುವುದರ ಬಗ್ಗೆ ನನಗಿರುವ ಅತಿ ದೊಡ್ಡ ಕಳವಳ ಇದೇ. ದರ ಏರಿದರೆ ಜೇಬಿಗೆ ಕತ್ತರಿ, ನಿಯಮವೇ ಬಾಗಿದರೆ ಜೀವಕ್ಕೆ ಸಂಬಂಧಿಸಿದ ಮಾತು.

ಆ ವಾರವೇ ನೀವು ಕೇಳಿದ ಗರಿಷ್ಠ ದರವೂ ಬಂತು. 500 ಕಿಲೋಮೀಟರ್‌ವರೆಗೆ ₹7,500, 1,000ದವರೆಗೆ ₹12,000, 1,500ರವರೆಗೆ ₹15,000, ಅದಕ್ಕೂ ಮೇಲೆ ₹18,000, ತೆರಿಗೆ ಮತ್ತು ನಿಲ್ದಾಣದ ಶುಲ್ಕ ಬೇರೆ. ಹುಬ್ಬಳ್ಳಿಯಿಂದ ಆಕಾಶಮಾರ್ಗದಲ್ಲಿ ಬೆಂಗಳೂರು ಸುಮಾರು 370 ಕಿಲೋಮೀಟರ್, ಹೈದರಾಬಾದ್ 410, ಮುಂಬೈ 475. ಮೂರೂ ₹7,500ರ ಒಳಗೇ ಬಂದವು. ಸಂಕಟದ ವಾರದಲ್ಲಿ ಇಂಥ ಮಿತಿ ಬೇಕೇ ಬೇಕು, ಜನರ ಅಸಹಾಯಕತೆಯನ್ನು ದುಡಿಸಿಕೊಳ್ಳಲು ಬಿಡಬಾರದು. ಆದರೆ ಅದನ್ನೇ ವರ್ಷವಿಡೀ ಇಟ್ಟರೆ ನಮ್ಮಂಥ ಊರಿಗೆ ಏಟು ಬೀಳುತ್ತದೆ. ಸಣ್ಣ ವಿಮಾನದಲ್ಲಿ ಪ್ರತಿ ಸೀಟಿನ ಖರ್ಚು ದೊಡ್ಡ ವಿಮಾನಕ್ಕಿಂತ ಹೆಚ್ಚು. ಮೇಲಿನ ಮೆಟ್ಟಿಲಿನ ಹತ್ತಿಪ್ಪತ್ತು ಸೀಟಿನ ಗಳಿಕೆಯಿಂದಲೇ ಕೆಳಗಿನ ಮೆಟ್ಟಿಲು ನಡೆಯುತ್ತದೆ. ಆ ಗಳಿಕೆಗೆ ಕಾಯಂ ಮಿತಿ ಹಾಕಿದರೆ ಕಂಪನಿ ವಿಮಾನವನ್ನು ಹುಬ್ಬಳ್ಳಿಯಿಂದ ತೆಗೆದು ಹೆಚ್ಚು ತುಂಬುವ ಮಾರ್ಗಕ್ಕೆ ಹಾಕುತ್ತದೆ. ಕೋವಿಡ್ ಕಾಲದಲ್ಲಿ, 2020ರ ಮೇ 25ರಿಂದ 2022ರ ಆಗಸ್ಟ್ 31ರವರೆಗೆ, ಗರಿಷ್ಠದ ಜೊತೆ ಕನಿಷ್ಠ ದರವನ್ನೂ ಸರ್ಕಾರ ಗೊತ್ತುಮಾಡಿತ್ತು. ಅಗ್ಗದ ಟಿಕೆಟ್ ಕೊಡಲು ಸಿದ್ಧವಿದ್ದ ಕಂಪನಿಯ ಕೈಯನ್ನೂ ಅದು ಕಟ್ಟಿಹಾಕಿತು. ಸರ್ಕಾರ ದರಕ್ಕೆ ಕೈಹಾಕಿದಾಗ ಎರಡೂ ಕಡೆ ಹಾಕುತ್ತದೆ ಎಂಬುದನ್ನು ಮರೆಯಬಾರದು.

ಹುಬ್ಬಳ್ಳಿಯ ನಿಲ್ದಾಣದ ಸ್ಥಿತಿಗೆ ಬರೋಣ. 2,600 ಮೀಟರ್ ರನ್‌ವೇ ಇದೆ, ಏರ್‌ಬಸ್ 320ರಂಥ ದೊಡ್ಡ ವಿಮಾನ ಇಳಿಯುತ್ತದೆ. 2017ರ ಡಿಸೆಂಬರ್‌ನಲ್ಲಿ ಮೇಲ್ದರ್ಜೆಯ ನಿಲ್ದಾಣ ಉದ್ಘಾಟನೆಯಾಗಿ, ಮುಂದಿನ ವರ್ಷದಿಂದ, ಸಣ್ಣ ಊರುಗಳ ಹಾರಾಟಕ್ಕೆ ಸಹಾಯಧನ ಕೊಡುವ ಕೇಂದ್ರದ ಉಡಾನ್ ಯೋಜನೆಯಲ್ಲಿ ಹಾರಾಟ ಚುರುಕಾಯಿತು. 2019ರ ಜನವರಿಯಲ್ಲಿ ಸ್ಟಾರ್ ಏರ್ ತನ್ನ ಸೇವೆಯನ್ನೇ ಹುಬ್ಬಳ್ಳಿ ಮಾರ್ಗದಿಂದ ಶುರುಮಾಡಿತು. ಆಗ ಇಲ್ಲಿ ಒಟ್ಟಿಗೆ ಹಲವು ಕಂಪನಿಗಳ ಬಾಲ ಕಾಣುತ್ತಿದ್ದವು. ಉಡಾನ್‌ನಲ್ಲಿ ಒಂದು ಮಾರ್ಗ ಗೆದ್ದ ಕಂಪನಿಗೆ ಮೂರು ವರ್ಷ ಸಹಾಯಧನ, ಮೂರು ವರ್ಷ ಆ ಮಾರ್ಗದ ಉಡಾನ್ ಸೇವೆ ಅದೊಂದಕ್ಕೇ ಮೀಸಲಿತ್ತು. ಹೊಸ ಮಾರ್ಗ ಕಟ್ಟಲು ಅದು ಬೇಕಿತ್ತು. ಮೂರು ವರ್ಷ ಮುಗಿದ ಮೇಲೆ ಎರಡನೆಯವನನ್ನು ಕರೆತರುವ ಏರ್ಪಾಡು ಮಾತ್ರ ಯೋಜನೆಯಲ್ಲಿ ಇರಲಿಲ್ಲ. ಸಹಾಯಧನ ನಿಂತಾಗ ಸಣ್ಣವರು ಹಿಂದೆ ಸರಿದರು, ದೊಡ್ಡ ಜಾಲ ಇರುವವರು ಉಳಿದರು. ಇವತ್ತು ಇಲ್ಲಿಂದ ಹಾರುವ ಬಹುಪಾಲು ಸೀಟು ಇಂಡಿಗೋದ್ದು.

ಜಾಲ ಎಂದೆನಲ್ಲ, ಅದು ಇಲ್ಲಿ ಬಹಳ ಮುಖ್ಯ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹಾರುವವರಲ್ಲಿ ಎಷ್ಟೋ ಜನ ಅಲ್ಲಿಂದ ಮುಂದೆ ಹೋಗುವವರು. ಒಂದೇ ಟಿಕೆಟ್‌ನಲ್ಲಿ ಲಗೇಜ್ ಸಮೇತ ಕೊನೆಯ ಊರು ಮುಟ್ಟಿಸುವ ಕಂಪನಿಗೇ ಅವರು ಹೋಗುತ್ತಾರೆ. ಬರೀ ಹುಬ್ಬಳ್ಳಿ–ಬೆಂಗಳೂರು ಹಾರುವ ಸಣ್ಣ ಕಂಪನಿಗೆ ಆ ಗಿರಾಕಿ ಸಿಗುವುದಿಲ್ಲ, ವಿಮಾನ ಅರ್ಧ ಖಾಲಿ ಹಾರುತ್ತದೆ, ವರ್ಷದೊಳಗೆ ಹೊರಡುತ್ತದೆ. ಹಾಗಾಗಿ ಸಣ್ಣ ಕಂಪನಿಗಳು ಏರ್ ಇಂಡಿಯಾ ಅಥವಾ ಆಕಾಸಾದಂಥವರ ಜೊತೆ ಟಿಕೆಟ್ ಒಪ್ಪಂದ ಮಾಡಿಕೊಂಡು ಬಂದರೆ ಮಾತ್ರ ಇಲ್ಲಿ ನಿಂತಾವು.

ಬೆಂಗಳೂರು ಮಾರ್ಗದಲ್ಲಿ ಒಂದು ಸಮಾಧಾನ ಇದೆ: ಎದುರಾಳಿ ನೆಲದ ಮೇಲಿದ್ದಾನೆ. ರಾತ್ರಿ ಹೊರಡುವ ಸ್ಲೀಪರ್ ಬಸ್ಸುಗಳ ಸಾಲು, ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್, 2023ರ ಜೂನ್‌ನಿಂದ ವಂದೇ ಭಾರತ್. ವಿಮಾನದ ದರ ಮಿತಿಮೀರಿದರೆ ಜನ ರೈಲು ಹತ್ತುತ್ತಾರೆ, ಕಂಪನಿಗೂ ಅದು ಗೊತ್ತು. ಮುಂಬೈ, ಹೈದರಾಬಾದಿಗೆ ರಾತ್ರಿ ರೈಲು ಇದ್ದರೂ ಒಂದೇ ದಿನದಲ್ಲಿ ಕೆಲಸ ಮುಗಿಸಿ ಬರಬೇಕಾದವರಿಗೆ ಅದು ಉಪಯೋಗಕ್ಕೆ ಬಾರದು. ದೆಹಲಿಗಂತೂ ನೆಲದ ಎದುರಾಳಿ ಇಲ್ಲವೇ ಇಲ್ಲ. ನಿಮ್ಮ ದರದ ಪೆಟ್ಟು ಬೆಂಗಳೂರಿಗಿಂತ ಹೈದರಾಬಾದಿನಲ್ಲಿ ಹೆಚ್ಚು ಎನಿಸಲು ಇದೂ ಕಾರಣ.

ಏನು ಮಾಡಬೇಕು ಎಂಬುದಕ್ಕೆ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಬೇಡಿಕೆ ದರದ ಮಾಹಿತಿ. ಯಾವ ಎರಡು ಊರುಗಳ ನಡುವೆ ಎಷ್ಟು ಜನ ಹಾರಿದರು ಎಂದು ಡಿಜಿಸಿಎ ಪ್ರಕಟಿಸುತ್ತದೆ. ಎಷ್ಟು ಕೊಟ್ಟು ಹಾರಿದರು ಎಂಬುದು ಜನರಿಗೆ ಸಿಗುವುದಿಲ್ಲ. ಅಮೆರಿಕದ ಸಾರಿಗೆ ಇಲಾಖೆ ಮಾರಾಟವಾದ ಟಿಕೆಟ್‌ಗಳ ಒಂದು ಮಾದರಿಯನ್ನು ದರದ ಸಮೇತ ಕಾಲಕಾಲಕ್ಕೆ ಬಿಡುಗಡೆ ಮಾಡುತ್ತದೆ. ಅಲ್ಲಿ ವಿಲೀನದ ನಂತರ ಯಾವ ಮಾರ್ಗದಲ್ಲಿ ಎಷ್ಟು ಏರಿತು ಎಂದು ಕಾಲೇಜು ವಿದ್ಯಾರ್ಥಿಯೂ ಲೆಕ್ಕ ಹಾಕಬಲ್ಲ. ನಮ್ಮಲ್ಲಿ ಅದೇ ಪದ್ಧತಿ ಬಂದರೆ, ಹುಬ್ಬಳ್ಳಿ–ಹೈದರಾಬಾದ್ ಪ್ರಯಾಣಿಕ ಪ್ರತಿ ಕಿಲೋಮೀಟರಿಗೆ ಇತರ ಮಾರ್ಗದವರಿಗಿಂತ ಎಷ್ಟು ಹೆಚ್ಚು ಕೊಡುತ್ತಿದ್ದಾನೆ ಎಂದು ಅಂಕಿಯಲ್ಲಿ ತೋರಿಸಬಹುದು. ಅದನ್ನು ನೋಡಿಯೇ ಎರಡನೇ ಕಂಪನಿ ಇಲ್ಲಿ ಲಾಭ ಇದೆ ಎಂದು ಬರುತ್ತದೆ. ದೂರು ಕೊಡುವವರಿಗೂ ಸ್ಪರ್ಧಾ ಆಯೋಗದ ಮುಂದೆ ಹಿಡಿಯಲು ಕಾಗದ ಸಿಗುತ್ತದೆ. ಹುಬ್ಬಳ್ಳಿಯಲ್ಲಿರುವ ಕರ್ನಾಟಕ ವಾಣಿಜ್ಯೋದ್ಯಮ ಸಂಸ್ಥೆಯಂಥ ವ್ಯಾಪಾರಿಗಳ ವೇದಿಕೆ ಇದನ್ನು ಕೈಗೆತ್ತಿಕೊಳ್ಳಲು ಯೋಗ್ಯ ಜಾಗ. ಹೊಸ ವ್ಯವಸ್ಥೆ ಬರುವವರೆಗೆ ಸದಸ್ಯರೇ ತಮ್ಮ ಟಿಕೆಟ್‌ನ ತಾರೀಖು, ಬುಕ್ ಮಾಡಿದ ದಿನ, ಕೊಟ್ಟ ದರ ಒಂದೆಡೆ ಬರೆದಿಡುತ್ತ ಹೋದರೂ ಆರು ತಿಂಗಳಲ್ಲಿ ಒಳ್ಳೆಯ ದಾಖಲೆ ಆಗುತ್ತದೆ.

ಎರಡನೆಯದು ಹೊತ್ತು, ಅಂದರೆ ಸ್ಲಾಟ್. ಹುಬ್ಬಳ್ಳಿಯಲ್ಲಿ ಜಾಗಕ್ಕೆ ಕೊರತೆ ಇಲ್ಲ, ಮುಂಬೈಯಲ್ಲಿ ಬೆಳಿಗ್ಗೆ ಇಳಿಯಲು ಜಾಗ ಸಿಗುವುದಿಲ್ಲ. ಹಳೆಯ ಕಂಪನಿಗಳು ತಮ್ಮ ಹೊತ್ತುಗಳಲ್ಲಿ 80% ಬಳಸಿದರೆ ಮುಂದಿನ ಋತುವಿಗೂ ಅವೇ ಅವರಿಗೆ ಉಳಿಯುತ್ತವೆ. 2025ರ ಡಿಸೆಂಬರ್ 25ರಿಂದ ನವಿ ಮುಂಬೈ ನಿಲ್ದಾಣ ಕೆಲಸ ಶುರುಮಾಡಿದೆ. ಅಲ್ಲಿ ಹೊತ್ತುಗಳು ಹೊಸದಾಗಿ ಹಂಚಿಕೆಯಾಗುತ್ತಿವೆ. ಹುಬ್ಬಳ್ಳಿ–ನವಿ ಮುಂಬೈ ಮಾರ್ಗವನ್ನು ಈಗ ಇಲ್ಲಿ ಹಾರದ ಕಂಪನಿಯೊಂದಕ್ಕೆ ಕೊಡಿಸಲು ಇದೇ ಸಮಯ. ಸಂಸದರ ಅಧ್ಯಕ್ಷತೆಯ ನಿಲ್ದಾಣ ಸಲಹಾ ಸಮಿತಿಯಲ್ಲಿ ಟರ್ಮಿನಲ್, ಪಾರ್ಕಿಂಗ್ ಜೊತೆಗೆ ಈ ಮಾತೂ ಬರಬೇಕು. ಇನ್ನಷ್ಟು ಹಾರಾಟ ಬೇಕು ಎಂದಷ್ಟೇ ಕೇಳಿದರೆ ಇರುವ ಕಂಪನಿಯೇ ಇನ್ನೊಂದು ವಿಮಾನ ಹಾಕುತ್ತದೆ. ಅನುಕೂಲ ಹೆಚ್ಚುತ್ತದೆ, ದರ ಅಲ್ಲಿಯೇ ಇರುತ್ತದೆ. ಇನ್ನೊಂದು ಕಂಪನಿ ಬೇಕು ಎಂದೇ ಕೇಳಬೇಕು.

ನಿಮ್ಮ ಸ್ವಂತ ಓಡಾಟಕ್ಕೆ ಒಂದೆರಡು ಮಾತು. ರಾಣೇಬೆನ್ನೂರಿನವರಿಗೆ ಹುಬ್ಬಳ್ಳಿಯೊಂದೇ ನಿಲ್ದಾಣವಲ್ಲ. ಶಿವಮೊಗ್ಗವೂ ಹೆಚ್ಚುಕಮ್ಮಿ ಅಷ್ಟೇ ದೂರ, ಅಲ್ಲಿಂದ ಹೈದರಾಬಾದಿಗೆ 2023ರ ನವೆಂಬರ್‌ನಲ್ಲಿ ಸ್ಟಾರ್ ಏರ್ ಹಾರಾಟ ಆರಂಭಿಸಿತ್ತು. ಟಿಕೆಟ್ ಹುಡುಕುವಾಗ ಹುಬ್ಬಳ್ಳಿ, ಶಿವಮೊಗ್ಗ, ಎರಡನ್ನೂ ಹಾಕಿ ನೋಡಿ. ಗದಗ, ಧಾರವಾಡದವರಾದರೆ ಬೆಳಗಾವಿಯ ಸಾಂಬ್ರಾ, ದೆಹಲಿಗಾದರೆ ಗೋವಾದ ಎರಡು ನಿಲ್ದಾಣ. ಏಪ್ರಿಲ್–ಮೇ ತಿಂಗಳ ನಿಮ್ಮ ಬೀಜದ ಸಭೆಗಳ ತಾರೀಖು ಸಾಮಾನ್ಯವಾಗಿ ಮುಂಚೆಯೇ ಗೊತ್ತಿರುತ್ತದೆ, ಮೂರ್ನಾಲ್ಕು ವಾರ ಮೊದಲು ಕೊಂಡರೆ ಕೆಳಗಿನ ಮೆಟ್ಟಿಲು ಸಿಗುವ ಸಾಧ್ಯತೆ ಹೆಚ್ಚು. ಮಂಗಳವಾರ, ಬುಧವಾರದ ಮಧ್ಯಾಹ್ನದ ವಿಮಾನ ಸೋಮವಾರ ಬೆಳಗಿನದಕ್ಕಿಂತ ನಿಧಾನವಾಗಿ ತುಂಬುತ್ತದೆ. ಒಂದು ವಾರದೊಳಗೆ ಹೋಗಲೇಬೇಕಾಗಿ ಬಂದು ದರ ಏರಿದ್ದರೆ, ಹೋಗುವಾಗ ರಾತ್ರಿ ರೈಲು ಹಿಡಿದು ಬರುವಾಗಷ್ಟೇ ವಿಮಾನ ಹತ್ತಿ. ಒಂದು ಬದಿಯ ಟಿಕೆಟ್ ಎಂದು ಈಗ ಹೆಚ್ಚು ದರ ಹಾಕುವುದಿಲ್ಲ, ಹೋಗಿಬರುವ ಟಿಕೆಟನ್ನು ಒಟ್ಟಿಗೇ ಕೊಳ್ಳಬೇಕೆಂಬ ಕಟ್ಟುಪಾಡೂ ಇಲ್ಲ.